ಬೆಲ್ ಇಲ್ಲದ ಕೋಣೆ

ಬೀದಿಯವರಿಗೆಲ್ಲ ಅವರು ಲಿಫ್ಟ್ ಮಾಮ. ಆರು ಮಹಡಿಯ ಕಚೇರಿಯೊಂದರ ಲಿಫ್ಟಿನೊಳಗೆ ಮೂವತ್ತು ವರ್ಷ ಸ್ಟೂಲಿನ ಮೇಲೆ ಕೂತು, ಬೆಲ್ ಬಾರಿಸಿದ ಮಹಡಿಗೆಲ್ಲ ಹೋಗಿ ಬಾಗಿಲು ತೆಗೆದವರು. ನಡುನಡುವೆ ಸಿಕ್ಕ ಪುರುಸೊತ್ತಿನಲ್ಲಿ ಹಳೇ ಹಾಜರಿ ಹಾಳೆಗಳ ಹಿಂದೆ ಮೋಟು ಪೆನ್ಸಿಲ್ಲಿನಲ್ಲಿ ಗೀಚಿ ಮೂರು ಪತ್ತೇದಾರಿ ಕಾದಂಬರಿ ಮುಗಿಸಿದ್ದರು.

"ಆ ಹಾಳು ಬೆಲ್ ಇಲ್ದಿದ್ರೆ ಮೂವತ್ತು ಬರೀತಿದ್ದೆ" ಅನ್ನುವುದು ಅವರ ಹಳೇ ರಾಗ.

ನಿವೃತ್ತಿಯಾದ ವಾರವೇ ಕಂಪ್ಯೂಟರ್ ಬಂತು. ದಿನಕ್ಕೆಷ್ಟು ಪದ ಬರೆದಿರಿ ಎಂದು ಎಣಿಸುವ, ಸೊರಗಿದ ವಾಕ್ಯಕ್ಕೆ ಕೆಂಪು ಗೆರೆ ಎಳೆಯುವ ತಂತ್ರಾಂಶವೂ ಬಂತು. ಮೆತ್ತನೆ ಕುರ್ಚಿ, ಮುಚ್ಚಿದ ಬಾಗಿಲು. ಎಂಟು ತಿಂಗಳಲ್ಲಿ ಅಕ್ಷರದ ಆಕಾರ ಹದಿನೇಳು ಸಲ ಬದಲಾಯಿತು. ನಾಲ್ಕನೇ ಕಾದಂಬರಿಯ ಕೊಲೆ ಮಾತ್ರ ಆಗಲಿಲ್ಲ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನು ನೆಲಾನೂ ಸಮ ಮಾಡಿಸ್ಕೊಂಡು ಸುಮ್ನೆ ಕೂತಿದ್ದೀನಿ ನೋಡು" ಎಂದು ಮಾಮ ಹೆಂಡತಿಯ ಮುಂದೆ ತಮ್ಮನ್ನೇ ಆಡಿಕೊಂಡು ನಕ್ಕರು.

ಹೆಂಡತಿ ನಗಲಿಲ್ಲ. ಹೊರಗೆ ಹೋಗಿ ಮನೆಯ ಬೆಲ್ ಒತ್ತಿದರು. ಮಾಮ ಎದ್ದು ಬಂದು ಬಾಗಿಲು ತೆಗೆದರು.

"ಏನಿಲ್ಲ, ಹೋಗಿ ಬರೀರಿ."

ಐದು ನಿಮಿಷಕ್ಕೆ ಮತ್ತೆ ಬೆಲ್. ಮೂರನೇ ಸಲಕ್ಕೆ ಮಾಮನ ಪಿತ್ತ ನೆತ್ತಿಗೇರಿತು. ಇವಳು ಮತ್ತೆ ಒತ್ತುವುದರೊಳಗೆ ಒಂದು ಸಾಲಾದರೂ ಮುಗಿಸಬೇಕೆಂದು, ಕೈಗೆ ಸಿಕ್ಕ ಪೆನ್ಸಿಲ್ ಹಿಡಿದು ಹಳೇ ಕ್ಯಾಲೆಂಡರಿನ ಹಿಂದೆ ಗೀಚತೊಡಗಿದರು.

ಸಂಜೆಯ ಹೊತ್ತಿಗೆ ಆರು ಹಾಳೆ ತುಂಬಿತ್ತು. ಹೆಂಡತಿ ಕಾಲು ಸೋತು ಒಳಗೆ ಬಂದು ಕೂತರು. ಹತ್ತು ನಿಮಿಷ ಬೆಲ್ ಆಗಲಿಲ್ಲ. ಆಮೇಲೆ ಕೋಣೆಯಿಂದ ಮಾಮನ ಕೂಗು ಕೇಳಿತು.

"ಎಲ್ಲಿ ಹೋದ್ಯೇ? ಬೆಲ್ ಒತ್ತು! ಕೊಲೆಗಾರ ಚಾಕು ಎತ್ಕೊಂಡು ಹಂಗೇ ನಿಂತ್ಬಿಟ್ಟಿದ್ದಾನೆ!"