ಚರಗಕ್ಕೆ ಓಗೊಟ್ಟ ದನಿ

ಸತ್ತವರು ಮಾತಾಡುತ್ತಾರೆ ಅಂದರೆ ನಾನು ನಗುತ್ತಿದ್ದವ. ಮೂರನೇ ಇಯತ್ತೆಗೆ ಸಾಲಿ ಬಿಟ್ಟು ನೇಗಿಲು ಹಿಡಿದವ ನಾನು. ನನ್ನ ಕೈ ದುಡಿದದ್ದನ್ನು ಬಿಟ್ಟು ಬೇರೇನೂ ನಂಬಿದವನಲ್ಲ. ಆದರೂ ಇದನ್ನು ಹೇಳಲೇಬೇಕು.

ಆಗ ವಿಜಾಪುರದ ಸುತ್ತೆಲ್ಲ ಖಾಲ್ಸಾ, ಅಂದರೆ ಇಂಗ್ರೇಜಿ ಸರಕಾರದ್ದು. ನಡುವೆ ತಿಕೋಟಾ ಒಂದೇ ದೂರದ ಸಂಸ್ಥಾನಕ್ಕೆ ಸೇರಿತ್ತು. ಹೀಗ್ಯಾಕೆ ಎಂದು ಅಪ್ಪನನ್ನು ಕೇಳಿದ್ದೆ.

“ಅರಸರ ಮನ್ಯಾಗೂ ಅಣ್ಣತಮ್ಮರು ಇರ್ತಾರಲೇ. ವಾಟಣಿ ಮಾಡುವಾಗ ಒಬ್ಬನ ಎರಿಹೊಲದ ಮ್ಯಾಲೆ ಇನ್ನೊಬ್ಬನ ಕಣ್ಣು. ಎಲ್ಲಾದ್ರಾಗೂ ಒಂದೊಂದು ತುಂಡು ಬೇಡ್ಯಾರ. ಅದಕ್ಕ ಹಿಂಗ ಚೂರುಚೂರು.”

ನಮ್ಮ ಹೊಲವೂ ಆ ಗಡಿಯ ಮೇಲೇ ಇತ್ತು. ವಾಟಣಿಯಲ್ಲಿ, ಅಂದರೆ ಆಸ್ತಿ ಪಾಲಾದಾಗ, ಖಾಲ್ಸಾದ ಅರ್ಧ ನನಗೆ, ಸಂಸ್ಥಾನದ ಅರ್ಧ ತಮ್ಮ ಮಲ್ಲಪ್ಪನಿಗೆ ಬಂತು. ನಡುವೆ ಬದು, ಬದುವಿನ ಮೇಲೆ ಗಡಿಗಲ್ಲು. ಅವನಿಗಿಂತ ಹೆಚ್ಚು ದುಡಿದವ ನಾನು. ಎತ್ತರ ಬೆಳೆದದ್ದು ಅವನ ಜೋಳ. ಅದನ್ನು ನುಂಗಿಕೊಂಡೆ. ಅಪ್ಪ ಅವನ ಮನೆಯಲ್ಲೇ ಉಳಿದ, ಅಲ್ಲೇ ಸತ್ತ. ಅದು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. “ನಿಮ್ಮಪ್ಪಗ ಖಾಲ್ಸಾ ರೊಟ್ಟಿ ಸೇರಲಿಲ್ಲೇನೋ?” ಎಂದು ಹೊನವಾಡದ ಸಂತೆಯಲ್ಲಿ ಜನ ಚುಚ್ಚುತ್ತಿದ್ದರು.

ಅಪ್ಪ ಸತ್ತ ಮೇಲಿನ ಮೊದಲ ಎಳ್ಳ ಅಮವಾಸ್ಯೆ ಬಂತು. ಮುಂದೆ ನಡೆಯುವವ ಭೂತಾಯಿಗೆ ಎಡೆಯಾಗಿ ಹೊಲದ ತುಂಬ ಅಡಿಗೆಯ ಚರಗ ಚೆಲ್ಲುತ್ತ ಕೂಗಬೇಕು, ಹಿಂದೆ ಬರುವವ ಓಗೊಡಬೇಕು. ಮೊದಲೆಲ್ಲ ಓಗೊಡುತ್ತಿದ್ದವ ಅಪ್ಪ. ಹೆಂಡತಿ ಬಬಲೇಶ್ವರಕ್ಕೆ ತವರಿಗೆ ಹೋಗಿದ್ದಳು. ಯಾರನ್ನೂ ಕರೆಯಲು ಮನಸ್ಸಾಗದೆ ಒಬ್ಬನೇ ಹೊರಟೆ.

ನಡುಮಧ್ಯಾಹ್ನ. “ಹುಲ್ಲುಲ್ಲಿಗ್ಯೋ!” ಎಂದೆ.

“ಚಳ್ಳಂಬ್ರಿಗ್ಯೋ!”

ಮುಂದಿನ ಹಲ್ಲಿಲ್ಲದ ಬಾಯಿಂದ ಗಾಳಿ ಸೋರುವ ಅದೇ ದನಿ. ಅಪ್ಪನದೇ. ಬಂದದ್ದು ಬದುವಿನ ಆಚೆಯಿಂದ, ಮಲ್ಲಪ್ಪನ ಜೋಳದೊಳಗಿಂದ. ನನಗೆ ಹೆದರಿಕೆ ಆಗಲಿಲ್ಲ, ಹೊಟ್ಟೆ ಉರಿಯಿತು. ಸತ್ತ ಮೇಲೂ ಅವನ ಕಡೆಗೇ ಏನು!

ಬದುವಿಗೆ ಓಡಿದೆ. ಅತ್ತಲಿಂದ ಮಲ್ಲಪ್ಪನೂ ಒಬ್ಬನೇ ಓಡಿ ಬರುತ್ತಿದ್ದ, ಕೈಯಲ್ಲಿ ಚರಗದ ಗಡಿಗೆ. ನಾನು ಬಾಯಿ ತೆಗೆಯುವ ಮೊದಲೇ ಅವನು ಒದರಿದ: “ಅಣ್ಣಾ, ಸಾಯೂತನಕಾ ನಾ ನೋಡಿಕೊಂಡೇನಿ. ಈಗ ನಾ ಕೂಗಿದ್ರ ಅಪ್ಪ ನಿನ್ನ ಹೊಲದಾಗ ನಿಂತು ಓ ಅಂತಾನಲ್ಲೋ!”

ನಡುವೆ ಇದ್ದದ್ದು ಗಡಿಗಲ್ಲೊಂದೇ. ಇಬ್ಬರೂ ಅದನ್ನೇ ನೋಡುತ್ತ ನಿಂತೆವು.

ಮುಂದೆ ಸಂಸ್ಥಾನ ಹೋಯಿತು, ತಿಕೋಟಾ ನಮ್ಮ ಜಿಲ್ಲೆಗೇ ಕೂಡಿತು. ಆ ಕಲ್ಲು ಕೀಳಲು ಮಾತ್ರ ಇಬ್ಬರಿಗೂ ಕೈ ಬಂದಿಲ್ಲ. ಆ ದನಿ ಯಾವ ಹೊಲದ್ದೋ ಇಂದಿಗೂ ನನಗೆ ತಿಳಿದಿಲ್ಲ. ಈಗ ನನ್ನ ಹಿಂದೆ ಮಕ್ಕಳು ಓಗೊಡುತ್ತಾರೆ. ಆದರೂ ಕೂಗಿದ ಮೇಲೆ ನನ್ನ ಕಿವಿ ಬದುವಿನ ಆಚೆಗೇ ಇರುತ್ತದೆ. ಅಪ್ಪನ ದನಿ ಈ ಸಲ ಮಲ್ಲಪ್ಪನಿಗೊಬ್ಬನಿಗೇ ಕೇಳಿಸಿಬಿಟ್ಟರೆ?