ಜಿಪುಣಕ್ಕನ ಡಬ್ಬಿಯಲ್ಲಿದ್ದ ಆರು ಗಾಜು

ಬೆಳಗ್ಗೆ ಆರೂಕಾಲು. ಆಸ್ಪತ್ರೆಯ ನೆಲಮಾಳಿಗೆಯ ಲ್ಯಾಬಿನಲ್ಲಿ ಒಂದೇ ದೀಪ ಉರಿಯುತ್ತಿದೆ. ಐವತ್ತನಾಲ್ಕು ವರ್ಷದ ಟೆಕ್ನಿಶಿಯನ್ ಒಬ್ಬರು ಮಂಜುಗಡ್ಡೆಯ ತಟ್ಟೆಯಿಂದ ಮೇಣದ ಪುಟ್ಟ ಬಿಲ್ಲೆಯೊಂದನ್ನು ಎತ್ತಿ ಯಂತ್ರಕ್ಕೆ ಸಿಕ್ಕಿಸಿ, ಅದರ ಮುಖಕ್ಕೆ ಹಾ ಎಂದು ಬಿಸಿಯುಸಿರು ಬಿಡುತ್ತಾರೆ. ಬಲಗೈ ಚಕ್ರ ತಿರುಗಿಸುತ್ತದೆ. ಅಲಗಿನಿಂದ ಈರುಳ್ಳಿ ಪೊರೆಗಿಂತ ತೆಳುವಾದ ಪಟ್ಟಿ ಇಳಿದು ಬರುತ್ತದೆ. ಅದನ್ನು ಬೆಚ್ಚಗಿನ ನೀರಿನ ಮೇಲೆ ತೇಲಿಬಿಟ್ಟು, ಸುಕ್ಕು ಬಿಡಿಸಿ, ಗಾಜಿನ ಸ್ಲೈಡಿಗೆ ಎತ್ತಿಕೊಳ್ಳುತ್ತಾರೆ. ಮೇಣದೊಳಗೆ ಇರುವುದು ಯಾರದೋ ದೇಹದ ಚೂರು. ನನಗೆ ಸೀನು ಬರುವ ಹಾಗಾಗುತ್ತದೆ. ಅವರು ತಿರುಗಿಯೂ ನೋಡದೆ ಬಾಗಿಲ ಕಡೆ ಬೆರಳು ತೋರಿಸುತ್ತಾರೆ.

ಪತ್ರಿಕೆಯವನು ಯಾರ ಪರವಾಗಿಯೂ ಬರೆಯಬಾರದು ಅನ್ನುತ್ತಾರೆ. ಈ ವಾರ ನಾನು ಬರೆಯುತ್ತಿದ್ದೇನೆ, ಏನು ಮಾಡುತ್ತೀರೋ ಮಾಡಿ. ನನ್ನ ಅಕ್ಕನ ಗಂಡ ಇವತ್ತು ಎದ್ದು ಓಡಾಡುತ್ತಿದ್ದಾರೆ ಅಂದರೆ ಅದರಲ್ಲಿ ಈ ಹೆಂಗಸಿನ ಪಾಲಿದೆ. ಹೋದ ತಿಂಗಳವರೆಗೆ ಇಂಥವರೊಬ್ಬರು ಇದ್ದಾರೆಂದೇ ನಮಗೆ ಗೊತ್ತಿರಲಿಲ್ಲ.

ಲ್ಯಾಬಿನಲ್ಲಿ ಇವರನ್ನು ಎಲ್ಲರೂ ಕರೆಯುವುದು ಜಿಪುಣಕ್ಕ ಎಂದು. ಮುಖದೆದುರೇ ಕರೆಯುತ್ತಾರೆ, ಇವರೂ ಓಗೊಡುತ್ತಾರೆ. ಇಪ್ಪತ್ತೇಳು ವರ್ಷದಿಂದ ಇದೇ ಸ್ಟೂಲು. ದಿನಕ್ಕೆ ತೊಂಬತ್ತು ಬಿಲ್ಲೆ, ಒಂದೊಂದರಿಂದ ಮೂರೋ ನಾಲ್ಕೋ ಸ್ಲೈಡು. ಪಟ್ಟಿ ಹಾರಿಹೋಗುತ್ತದೆಂದು ಬೇಸಿಗೆಯಲ್ಲೂ ಫ್ಯಾನ್ ಹಾಕುವಂತಿಲ್ಲ. ಬಲ ಮಣಿಕಟ್ಟಿಗೆ ಬ್ಯಾಂಡೇಜು, ಎಡಗೈ ತೋರುಬೆರಳಿನಲ್ಲಿ ಅಲಗಿನ ಹಳೆಯ ಏಳು ಗಾಯ. ಮೈಯಿಂದ ಬರುವ ಮೇಣದ ವಾಸನೆ ನೋಡಿ, ಸೊಸೆ ಮೇಣದಬತ್ತಿ ಕಾರ್ಖಾನೆಯಲ್ಲಿದ್ದಾಳೆ ಎಂದೇ ಅತ್ತೆ ಬಹಳ ವರ್ಷ ನಂಬಿದ್ದರಂತೆ. ಮನೆಯಲ್ಲಿ ಮಾತ್ರ ಈರುಳ್ಳಿಯನ್ನು ದಪ್ಪದಪ್ಪ ಹೆಚ್ಚಿ ಹಾಕುತ್ತಾರೆ ಎಂಬುದು ಗಂಡನ ದೂರು. "ದಿನವಿಡೀ ತೆಳ್ಳಗೆ ಕತ್ತರಿಸಿ ಬಂದಿರ್ತೀನಿ. ಮನೇಲೂ ಅದೇ ಮಾಡು ಅಂದ್ರೆ ಹೇಗೆ ಹೇಳಿ," ಎನ್ನುತ್ತಾರೆ ಇವರು.

ಒಂದು ಚೂರೂ ಪೋಲಾಗಲು ಬಿಡದ ಈ ಜಿಪುಣತನಕ್ಕೊಂದು ಕಾರಣವಿದೆ. ಒಮ್ಮೆ ಯಂತ್ರದಿಂದ ತೆಗೆದ ಬಿಲ್ಲೆಯನ್ನು ಮತ್ತೆ ಸಿಕ್ಕಿಸಿದರೆ ಅದು ಮೊದಲಿನ ಓರೆಯಲ್ಲೇ ಕೂರುವುದಿಲ್ಲ. ಮುಖ ಸಮ ಮಾಡಲು ಒಂದಿಷ್ಟು ಹೆರೆದು ಬಿಸಾಕಲೇಬೇಕು. ದೊಡ್ಡ ಗಡ್ಡೆಯ ತುಂಡಾದರೆ ಚಿಂತೆಯಿಲ್ಲ. ಸೂಜಿಯಿಂದಲೋ ಚಿಮಟದಿಂದಲೋ ತೆಗೆದ ಸಾಸಿವೆಯಷ್ಟು ಚೂರಾದರೆ, ಆ ಹೆರೆತದಲ್ಲೇ ಮುಗಿದುಹೋಗುತ್ತದೆ.

ಕೆಲಸಕ್ಕೆ ಸೇರಿದ ಎರಡನೇ ವರ್ಷ ಇವರಿಂದಲೇ ಹಾಗಾಯಿತು. ಇನ್ನೊಂದು ಪರೀಕ್ಷೆಗೆಂದು ಪುಟ್ಟ ಬಿಲ್ಲೆಯೊಂದನ್ನು ಮತ್ತೆ ಹಾಕಿದರು, ಓರೆಯಾಗಿತ್ತು, ಸಮ ಮಾಡುತ್ತಾ ಹೋದರು. ನೋಡಿದರೆ ಒಳಗೆ ಬರೀ ಮೇಣ. ಆ ರೋಗಿಗೆ ಮತ್ತೆ ಸೂಜಿ ಚುಚ್ಚಬೇಕಾಯಿತು. "ಕಾರಿಡಾರಿನ ಬೆಂಚಲ್ಲಿ ಫೈಲ್ ಇಟ್ಕೊಂಡು ಕೂತಿದ್ರು ಆಯಮ್ಮ. ನಾನೇ ಹಾಳು ಮಾಡಿದ್ದು ಅಂತ ಹೇಳೋ ಧೈರ್ಯ ಬರ್ಲಿಲ್ಲ. ಪಕ್ಕದಲ್ಲೇ ಹಾದು ಹೋದೆ," ಎನ್ನುವಾಗ ದನಿ ತಗ್ಗುತ್ತದೆ.

ಅಂದಿನಿಂದ ಒಂದು ರೂಢಿ. ಚೂರು ಚಿಕ್ಕದಾಗಿದ್ದರೆ, ಬಿಲ್ಲೆ ಯಂತ್ರದಲ್ಲಿರುವಾಗಲೇ ಆರು ಪಟ್ಟಿ ಹೆಚ್ಚಿಗೆ ಕತ್ತರಿಸಿ ಗಾಜಿಗೆ ಹಾಕುತ್ತಾರೆ. ಬಣ್ಣ ಹಾಕುವುದಿಲ್ಲ. ಗಾಳಿ ತಾಗಿ ಕೆಡದಿರಲೆಂದು ಕರಗಿದ ಮೇಣದಲ್ಲಿ ಅದ್ದಿ, ಪೆನ್ಸಿಲಿನಲ್ಲಿ ನಂಬರು ಬರೆದು, ತಮ್ಮದೊಂದು ತಗಡಿನ ಡಬ್ಬಿಯಲ್ಲಿ ಇಡುತ್ತಾರೆ. ಇದನ್ನು ಯಾರೂ ಹೇಳಿ ಮಾಡಿಸುತ್ತಿಲ್ಲ. ಜಾಗ ತಿನ್ನುತ್ತದೆ ಎಂದು ಬೈದವರಿದ್ದಾರೆ. ಡಬ್ಬಿಗಳು ಈಗ ನಲವತ್ತಾಗಿವೆ, ಕಪಾಟು ಸಾಲದೆ ನೆಲದ ಮೇಲೆ ಕೂತಿವೆ.

ಇನ್ನು ಭಾವನ ವಿಷಯ. ಅವರು ಬಡಗಿ. ಒಂದೂವರೆ ವರ್ಷದ ಹಿಂದೆ ದೊಡ್ಡ ಕರುಳಿನಲ್ಲಿ ಕ್ಯಾನ್ಸರ್ ಎಂದು ಗೊತ್ತಾಯಿತು. ಅಷ್ಟರಲ್ಲಿ ಯಕೃತ್ತಿಗೂ ಹರಡಿತ್ತು. ಕರುಳಿನಿಂದ ತೆಗೆದ ಚೂರು ಈ ಲ್ಯಾಬಿಗೇ ಬಂತು, ಬಿಲ್ಲೆಯಾಯಿತು, ಜೀನ್ ಪರೀಕ್ಷೆಗೆಂದು ಹೊರಗಿನ ಲ್ಯಾಬಿಗೂ ಹೋಗಿ ಬಂತು. ಕೀಮೋ ಶುರುವಾಯಿತು. ಆರು ತಿಂಗಳಾದರೂ ಗಡ್ಡೆಗಳು ಜಪ್ಪಯ್ಯ ಅನ್ನಲಿಲ್ಲ. ಭಾವ ಅಂಗಡಿಯಲ್ಲಿ ಕುರ್ಚಿ ಕಾಲು ಕಟ್ಟುವುದು, ಬಾಗಿಲು ಉಜ್ಜಿ ಕೊಡುವುದು ಇಷ್ಟೇ ಇಟ್ಟುಕೊಂಡರು. ವಾರದೊಳಗೆ ಮುಗಿಯದ ಯಾವ ಕೆಲಸವನ್ನೂ ಒಪ್ಪಿಕೊಳ್ಳುತ್ತಿರಲಿಲ್ಲ. ಏಕೆಂದು ಯಾರೂ ಕೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು.

ಆಗ ಹೊಸದಾಗಿ ಬಂದ ಡಾಕ್ಟರು ಇನ್ನೊಂದು ಗುರುತು ನೋಡೋಣ ಎಂದರು. ಜೀವಕೋಶದ ತಪ್ಪುಗಳನ್ನು ತಿದ್ದುವ ನಾಲ್ಕು ಪ್ರೋಟೀನುಗಳಿವೆಯಂತೆ. ಗಡ್ಡೆಯಲ್ಲಿ ಅವುಗಳಲ್ಲಿ ಒಂದೋ ಎರಡೋ ಇಲ್ಲದಿದ್ದರೆ, ಮೈಯ ರಕ್ಷಣಾ ಶಕ್ತಿಯನ್ನೇ ಎಬ್ಬಿಸುವ ಬೇರೆ ಔಷಧಿ ನಾಟಬಹುದು, ಹಾಗೆ ನಾಟಿದವರು ವರ್ಷಗಟ್ಟಲೆ ಬದುಕಿದ್ದಾರೆ. ಇಂಥವರು ನೂರಕ್ಕೆ ನಾಲ್ಕೈದು ಮಂದಿ ಮಾತ್ರ. ಆದರೆ ನೋಡಲು ಚೂರೇ ಇರಲಿಲ್ಲ, ಹೊರಗಿನಿಂದ ವಾಪಸು ಬಂದ ಬಿಲ್ಲೆಯಲ್ಲಿ ಬರೀ ಮೇಣ. ಮತ್ತೆ ಸೂಜಿ ಹಾಕೋಣವೆಂದರೆ ಭಾವನ ಪ್ಲೇಟ್‌ಲೆಟ್ ಪಾತಾಳ ಸೇರಿತ್ತು, ರಕ್ತ ನಿಲ್ಲುವ ಭರವಸೆಯಿಲ್ಲ. ಅಕ್ಕ ಅದೇ ಕಾರಿಡಾರಿನ ಬೆಂಚಿನಲ್ಲಿ ಫೈಲ್ ತಬ್ಬಿಕೊಂಡು ಕೂತಿದ್ದಳು. ನಾನು ಪಕ್ಕದಲ್ಲಿದ್ದೆ.

ನಮಗೆ ಆಮೇಲೆ ತಿಳಿದದ್ದು ಇಷ್ಟು. "ಚೂರು ಮುಗಿದಿದೆ" ಎಂಬ ಚೀಟಿಗೆ ಸಹಿ ಬೀಳುವ ಮೊದಲು ಅದು ಜಿಪುಣಕ್ಕನ ಮೇಜಿಗೆ ಬಂದಿದೆ. ಅವರು ನಂಬರು ಓದಿ, ಎದ್ದು, ಮೂವತ್ತೆಂಟನೇ ಡಬ್ಬಿ ತೆರೆದಿದ್ದಾರೆ. ಆರು ಗಾಜು ಆರೂ ಇದ್ದವು.

ನಾಲ್ಕು ಗಾಜು ಪರೀಕ್ಷೆಗೆ ಹೋದವು. ಗಡ್ಡೆಯಲ್ಲಿ ಎರಡು ಪ್ರೋಟೀನು ಇಲ್ಲ ಎಂದು ಬಂತು. ಪ್ರೋಟೀನು ಇದ್ದ ಕಡೆ ಕಂದು ಬಣ್ಣ ಹಿಡಿಯುತ್ತದೆ. ಹಳೆಯ ಗಾಜಾದ್ದರಿಂದ ಬಣ್ಣವೇ ಹಿಡಿದಿಲ್ಲವೇನೋ ಎಂಬ ಅನುಮಾನ ಲ್ಯಾಬಿನ ಡಾಕ್ಟರಿಗೆ. ಆದರೆ ಅದೇ ಗಾಜಿನಲ್ಲಿ, ಗಡ್ಡೆಯ ಪಕ್ಕದ ಆರೋಗ್ಯವಂತ ಕೋಶಗಳು ಚೆನ್ನಾಗಿ ಕಂದು ಬಣ್ಣ ಹಿಡಿದಿದ್ದವು. ಮೇಣದ ಹೊದಿಕೆ ಕಾಪಾಡಿತ್ತು. ಫಲಿತಾಂಶ ನಿಜ ಎಂದಾಯಿತು, ಔಷಧಿ ಬದಲಾಯಿತು. ಈಗ ಒಂಬತ್ತು ತಿಂಗಳು, ಮೂರು ಸ್ಕ್ಯಾನು. ಯಕೃತ್ತಿನ ಐದು ಗಡ್ಡೆಗಳಲ್ಲಿ ಮೂರು ಕಾಣುತ್ತಲೇ ಇಲ್ಲ, ಉಳಿದೆರಡು ಕುಗ್ಗಿ ಕೂತಿವೆ. ವಾಸಿಯಾಯಿತು ಎಂದು ಯಾರೂ ಹೇಳುತ್ತಿಲ್ಲ. ಆದರೂ ಹೋದ ಜೀವ ಬಂದಂತಾಗಿದೆ ನಮ್ಮ ಮನೆಗೆ.

ಇವತ್ತು ಭಾವನ ಡ್ರಿಪ್ ಮುಗಿದ ಮೇಲೆ ಅಕ್ಕ, ಭಾವ ಇಬ್ಬರೂ ನೆಲಮಾಳಿಗೆಗೆ ಇಳಿದು ಬರುತ್ತಾರೆ. ಜಿಪುಣಕ್ಕ ರೋಗಿಗಳ ಮುಖ ನೋಡುವುದೇ ಅಪರೂಪ, ಅವರಿಗೆ ಗೊತ್ತಿರುವುದು ನಂಬರು. ಕೈ ಒರೆಸಿಕೊಂಡು ಎದ್ದು ನಿಂತು, ಭಾವನನ್ನು ಅಡಿಯಿಂದ ಮುಡಿಯವರೆಗೆ ನೋಡುತ್ತಾರೆ. ಅಕ್ಕ ಕೈಮುಗಿಯಲು ಹೋದರೆ ಬೇಡಮ್ಮ ಎಂದು ಕೈ ಹಿಡಿದುಕೊಳ್ಳುತ್ತಾರೆ. ಉಳಿದ ಎರಡು ಗಾಜು ಇನ್ನೂ ಡಬ್ಬಿಯಲ್ಲೇ ಇವೆಯಂತೆ, ಬಿಸಾಕುವ ಯೋಚನೆ ಅವರಿಗಿಲ್ಲ.

ನಿಮಗೇನಾದರೂ ಬೇಕೇ ಎಂದು ನಾನು ಪತ್ರಿಕೆಯವನ ಪ್ರಶ್ನೆ ಕೇಳುತ್ತೇನೆ. ಅವರು ನೆಲದ ಮೇಲಿನ ಡಬ್ಬಿಗಳನ್ನು ತೋರಿಸುತ್ತಾರೆ. "ಇವಕ್ಕೊಂದು ಕಪಾಟು ಆಗಿದ್ರೆ ಸಾಕು. ಕೇಳಿ ಕೇಳಿ ಸಾಕಾಯ್ತು."

ಭಾವ ಆಗಲೇ ಮೊಣಕಾಲೂರಿ ಡಬ್ಬಿಯ ಅಗಲವನ್ನು ಗೇಣಿನಲ್ಲಿ ಅಳೆಯುತ್ತಿದ್ದಾರೆ. ಗೋಡೆ ನೋಡುತ್ತಾರೆ, ಖಾನೆ ಎಣಿಸುತ್ತಾರೆ. ಆಮೇಲೆ ತಲೆಯೆತ್ತಿ, "ನಾನು ಮಾಡಿಕೊಡ್ತೀನಿ. ಆದ್ರೆ ಹಸಿ ಮರದಲ್ಲಿ ಮಾಡಿದ್ರೆ ಬಾಗುತ್ತೆ, ಒಣಗಿಸ್ಬೇಕು. ಎಂಟು ತಿಂಗಳಾದ್ರೂ ಬೇಕು," ಎನ್ನುತ್ತಾರೆ.

ಅಕ್ಕ ಸೆರಗಿನಿಂದ ಬಾಯಿ ಮುಚ್ಚಿಕೊಂಡು ಗೋಡೆ ಕಡೆ ತಿರುಗುತ್ತಾಳೆ.

ಜಿಪುಣಕ್ಕ ಸ್ಟೂಲಿಗೆ ವಾಪಸಾಗಿ ಮುಂದಿನ ಬಿಲ್ಲೆ ಎತ್ತಿಕೊಳ್ಳುತ್ತಾರೆ. "ನಿಧಾನವಾಗಿ ಮಾಡಿ. ನಂಗೇನೂ ಅವಸರ ಇಲ್ಲ."

"ನಂಗೂ ಇಲ್ಲ," ಎನ್ನುತ್ತಾರೆ ಭಾವ.