ತೂತು ಸಿಕ್ಕವರಿಗೆ ಮೊದಲ ಟೀ

ಗಣಿತದ ಟೀಚರಿಗೆ ಹೊಲಿಗೆ ಕೋಣೆಯಲ್ಲೇನು ಕೆಲಸ ಎಂದು ಯಾರಾದರೂ ಕೇಳಿಯಾರು. ಕೇಳಲಿ, ಉತ್ತರ ಸುಲಭ. ಶನಿವಾರ ಮಧ್ಯಾಹ್ನ ಆ ಶಾಲೆಯ ಮಿಕ್ಕೆಲ್ಲ ಕೋಣೆಗಳಿಗೂ ಬೀಗ ಬಿದ್ದಿರುತ್ತಿತ್ತು. ಹೊಲಿಗೆ ಕಲಿಸುವಾಕೆ ಒಬ್ಬಳೇ ತನ್ನ ಕೋಣೆಯ ಬೀಗದ ಕೈ ಕೊಡಲು ಒಪ್ಪಿದ್ದು, ಅದೂ ‘ನನ್ನ ಕತ್ತರಿ ಮುಟ್ಟಬಾರದು, ಮೇಜು ಒರೆಸಿಟ್ಟು ಹೋಗಬೇಕು’ ಎಂದು ಮೊದಲೇ ಮಾತು ತೆಗೆದುಕೊಂಡು. ಹಾಗಾಗಿ, ಗೋಡೆಗುಂಟ ಮುಸುಕು ಹೊದ್ದು ಕುಳಿತ ಹೊಲಿಗೆ ಯಂತ್ರಗಳ ನಡುವೆ, ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಸುತ್ತ ಮಕ್ಕಳನ್ನು ಕೂರಿಸಿಕೊಂಡು ಟೀಚರು ಲೆಕ್ಕ ಮಾಡಿಸುತ್ತಿದ್ದರು. ಬಟ್ಟೆಗೆ ಗುರುತು ಹಾಕುವ ಚಪ್ಪಟೆ ಸೀಮೆಸುಣ್ಣವೇ ಲೇಖನಿ, ಮೇಜೇ ಹಲಗೆ.

ಅವರನ್ನು ಊರೆಲ್ಲ ಕರೆಯುತ್ತಿದ್ದುದು ಜರಡಿ ಟೀಚರು ಎಂದು. ತೆಳ್ಳನೆಯ ಜೀವ. ಪುಸ್ತಕದ ಚೀಲ ಹೊತ್ತು ಹೊತ್ತು ಒಂದು ಭುಜ ಇನ್ನೊಂದಕ್ಕಿಂತ ಇಳಿದಿತ್ತು. ಸೈಕಲ್ ರಿಪೇರಿ ಅಂಗಡಿಯ ಮೇಲಿನ ಎರಡು ಕೋಣೆಯಲ್ಲಿ ತಂಗಿಯ ಜೊತೆ ಇದ್ದರು. ‘ಮಳೆ ಬರೋ ಹಾಗಿದೆ’ ಎಂದು ತಂಗಿ ಅಂದರೆ, ‘ಹೇಗೆ ಹೇಳ್ತೀಯಾ?’ ಎಂದು ಇವರು. ತಂಗಿ ಬೇಸತ್ತು, “ನಿನ್ನ ಹತ್ರ ಮಾತಾಡೋದೂ ಒಂದೇ, ಕೋರ್ಟಲ್ಲಿ ಸಾಕ್ಷಿ ಹೇಳೋದೂ ಒಂದೇ ಕಣೇ ಅಕ್ಕ” ಎನ್ನುತ್ತಿದ್ದಳು.

ಜರಡಿ ಎಂಬ ಹೆಸರು ಬಂದದ್ದು ಆ ಮೇಜಿನಿಂದಲೇ. ಅಲ್ಲೊಂದು ಪದ್ಧತಿ ಇತ್ತು. ಲೆಕ್ಕ ಬಿಡಿಸಿದವರು ಬಿಡಿಸಿ ಮುಗಿದ ಕೂಡಲೇ ಕುರ್ಚಿ ಬಿಟ್ಟು ಎದ್ದು ನಿಲ್ಲಬೇಕು. ಬಾಯಿ ಬಿಡುವಂತಿಲ್ಲ. ಎದುರಿಗಿದ್ದವರು ಬಂದು ಆ ಕುರ್ಚಿಯಲ್ಲಿ ಕೂತು, ಸಾಲು ಸಾಲಾಗಿ ಓದಿ ಜರಡಿ ಹಿಡಿಯಬೇಕು. ತರ್ಕದಲ್ಲಿ ಎಲ್ಲಿಯಾದರೂ ತೂತು ಸಿಕ್ಕಿತೋ, ಅಲ್ಲಿಗೆ ಸೀಮೆಸುಣ್ಣದಲ್ಲಿ ಒಂದು ಸೊನ್ನೆ. ಇಷ್ಟೇ ಆಗಿದ್ದರೆ ಅದು ಬರೀ ಕಟ್ಟುನಿಟ್ಟು ಎನಿಸಿಕೊಳ್ಳುತ್ತಿತ್ತು. ಆದರೆ ಮೊದಮೊದಲು ಹೀಗೆ ತೂತು ಸಿಕ್ಕಿದ ಹುಡುಗಿಯೊಬ್ಬಳು ಅತ್ತುಕೊಂಡು ಹೋದವಳು ಮತ್ತೆ ಆ ಬಾಗಿಲಿಗೆ ಬರಲೇ ಇಲ್ಲ. ಅಂದಿನಿಂದ ಟೀಚರು ಮನೆಯಿಂದ ಫ್ಲಾಸ್ಕಿನಲ್ಲಿ ಟೀ ತರತೊಡಗಿದರು. ಯಾರ ಲೆಕ್ಕದಲ್ಲಿ ತೂತು ಸಿಕ್ಕಿತೋ ಅವರಿಗೆ ಮೊದಲ ಲೋಟ. ಸರಿಯಾಗಿ ಬಿಡಿಸಿದವರು ಕಾಯಬೇಕು. “ಸರಿ ಮಾಡಿದವರಿಗೆ ಖುಷಿಯ ಬಿಸಿಯೇ ಇರುತ್ತೆ. ಟೀ ಬೇಕಾಗಿರೋದು ಇವರಿಗೆ” ಎನ್ನುತ್ತಿದ್ದರು.

ಆ ಮೇಜಿಗೆ ಬರುತ್ತಿದ್ದವರಲ್ಲಿ ಒಬ್ಬಳು ಲಿಫ್ಟ್ ಮೆಕ್ಯಾನಿಕ್‌ನ ಮಗಳು. ಮಾತು ಕಡಿಮೆ, ಲೆಕ್ಕ ಸಿಕ್ಕರೆ ಊಟ ತಣ್ಣಗಾದರೂ ಪರಿವೆ ಇಲ್ಲ. ಶಾಲೆಯ ಕೊನೆಯ ವರ್ಷ. ಅವಳಿಗಿದ್ದುದು ಒಂದೇ ಆಸೆ, ದೂರದ ದೊಡ್ಡ ವಿಶ್ವವಿದ್ಯಾಲಯಕ್ಕೆ ಸೇರಿ ಗಣಿತ ಓದಬೇಕು. ಅಲ್ಲಿ ಸೀಟು ಸಿಗುವುದೆಂದರೆ ಸೂಜಿಯ ಕಣ್ಣಲ್ಲಿ ಹಗ್ಗ ಪೋಣಿಸಿದ ಹಾಗೆ. ಮಗಳಿಗೆ ಆಸೆ ಒಂದು ಪಾಲು ಇದ್ದರೆ ಅಪ್ಪನಿಗೆ ನಾಲ್ಕು ಪಾಲು.

ಅಪ್ಪನ ಕೆಲಸವೇ ಮೇಲೆ ಕೆಳಗೆ ಓಡಾಡುವುದು. ಹೋದ ಕಟ್ಟಡದಲ್ಲೆಲ್ಲ, ಲಿಫ್ಟು ಹತ್ತಿದವರನ್ನೆಲ್ಲ ಕೇಳಿದ್ದೇ ಕೇಳಿದ್ದು. ಗಣಿತ ಸ್ಪರ್ಧೆಯಲ್ಲಿ ಪದಕ ಬಂದರೆ ಆ ವಿಶ್ವವಿದ್ಯಾಲಯದಲ್ಲಿ ಸೀಟು ಗ್ಯಾರಂಟಿಯಾ? ಮೂರನೇ ಮಹಡಿಯ ಹಲ್ಲಿನ ಡಾಕ್ಟರು, “ಪದಕ ಯಾರು ಕೇಳ್ತಾರೆ, ಪರೀಕ್ಷೆ ಅಂಕ ನೋಡ್ತಾರೆ” ಎಂದರು. ಐದನೇ ಮಹಡಿಯ ವಕೀಲರು, “ಪದಕ ಇಲ್ಲದೆ ಅರ್ಜಿ ಹಾಕೋದೇ ದಂಡ” ಎಂದರು. ಪಾಪ, ಅವನ ಧೈರ್ಯ ಮಹಡಿಯಿಂದ ಮಹಡಿಗೆ ಏರುವುದು, ಇಳಿಯುವುದು. ಕೊನೆಗೆ ಟೀಚರನ್ನೇ ಕೇಳಿದ.

“ನೋಡ್ತಾರೆ” ಎಂದರು ಟೀಚರು. “ಆದ್ರೆ ಅದನ್ನೊಂದೇ ನೋಡಲ್ಲ.”

“ಅಂದ್ರೆ ಬೇಕೋ ಬೇಡ್ವೋ, ಅಷ್ಟು ಹೇಳಿ ಟೀಚರ್.”

“ಇದ್ರೆ ಒಳ್ಳೇದು. ಎಷ್ಟು ಒಳ್ಳೇದು ಅಂತ ನಂಗೆ ಗೊತ್ತಿಲ್ಲ.”

ಹುಡುಗಿಯ ಅಮ್ಮ ಪಕ್ಕದಲ್ಲಿದ್ದಳು. “ಮೊದಲು ಇವ್ರಿಗೇ ಒಂದು ಪದಕ ಕೊಡಿಸಿಬಿಡಿ ಟೀಚರ್, ಮನೇಲಿ ನಾವು ನೆಮ್ಮದಿಯಾಗಿ ಇರ್ತೀವಿ” ಎಂದಳು.

ಅಂತೂ ಸ್ಪರ್ಧೆ ಮುಗಿಯಿತು, ಫಲಿತಾಂಶವೂ ಬಂತು. ಹುಡುಗಿಗೆ ಕಂಚಿನ ಪದಕ. ಆ ಶಾಲೆಯ ಗೋಡೆಗಳು ಅಂಥದ್ದೊಂದು ಸುದ್ದಿಯನ್ನು ಹಿಂದೆಂದೂ ಕೇಳಿರಲಿಲ್ಲ. ಹೆಡ್‌ಮಾಸ್ಟರು ಬಿಳಿ ಬಟ್ಟೆಯ ಮೇಲೆ ದಪ್ಪ ಅಕ್ಷರ ಬರೆಸಿ ಗೇಟಿಗೆ ಬ್ಯಾನರು ಕಟ್ಟಿಸಿದರು. ಅಪ್ಪನಂತೂ ಐದನೇ ಮಹಡಿಗೆ ಹೋಗಿ, ಕೆಡದೇ ಇದ್ದ ಲಿಫ್ಟನ್ನು ರಿಪೇರಿ ಮಾಡಿ ಬಂದ. ವಿಶ್ವವಿದ್ಯಾಲಯಕ್ಕೆ ಅರ್ಜಿ ಕಳಿಸುವ ದಿನವೂ ಹತ್ತಿರವಿತ್ತು. ಎಲ್ಲ ಕೂಡಿಬಂದ ಹಾಗಿತ್ತು.

ಆದರೆ ಶನಿವಾರ ಬರದೇ ಇರುತ್ತದೆಯೇ? ಸ್ಪರ್ಧೆ ಮುಗಿದ ಮೇಲೆ, ಬರೆದ ಉತ್ತರಗಳನ್ನು ಮತ್ತೊಮ್ಮೆ ಮೇಜಿನ ಮೇಲೆ ಬರೆದು ಜರಡಿ ಹಿಡಿಯುವುದು ಆ ಕೋಣೆಯ ರೂಢಿ. ಫಲಿತಾಂಶ ಏನೇ ಬಂದಿರಲಿ, ಅದು ತಪ್ಪುತ್ತಿರಲಿಲ್ಲ. ಹುಡುಗಿ ಪೂರ್ತಿ ಅಂಕ ಬಂದಿದ್ದ ತ್ರಿಕೋನದ ಲೆಕ್ಕವನ್ನು ಬರೆದಳು, ಎದ್ದು ನಿಂತಳು. ಅವಳ ಕುರ್ಚಿಗೆ ಹತ್ತಿದ್ದು, ಎಲ್ಲರೂ ಗುಂಡುಸೂಜಿ ಎಂದು ಕರೆಯುತ್ತಿದ್ದ ಹುಡುಗಿ. ಎಲ್ಲರಿಗಿಂತ ಚಿಕ್ಕವಳು, ಕಾಲು ನೆಲಕ್ಕೆ ಮುಟ್ಟುತ್ತಿರಲಿಲ್ಲ, ಚುಚ್ಚುವುದರಲ್ಲಿ ಹೆಸರಿಗೆ ತಕ್ಕವಳು.

ಗುಂಡುಸೂಜಿ ಓದಿದಳು, ತಲೆ ಕೆರೆದಳು, ಮತ್ತೆ ಓದಿದಳು.

“ಅಕ್ಕ, ತುದಿಯಿಂದ ತಳಕ್ಕೆ ನೇರ ಗೆರೆ ಇಳಿಸಿದೀಯಲ್ಲ, ಅದು ತಳದ ಮೇಲೇ ಬೀಳುತ್ತೆ ಅಂದ್ಕೊಂಡಿದೀಯ. ತ್ರಿಕೋನ ಒಂದು ಕಡೆ ವಾಲಿದ್ರೆ?”

ಹೀಗಂದು ಅವಳು ಪಕ್ಕದಲ್ಲಿ ಇನ್ನೊಂದು ತ್ರಿಕೋನ ಬರೆದಳು, ಬಿರುಗಾಳಿಗೆ ಸಿಕ್ಕ ಡೇರೆಯ ಹಾಗೆ ವಾಲಿದ್ದು. ತುದಿಯಿಂದ ಇಳಿಸಿದ ಗೆರೆ ತಳವನ್ನು ಬಿಟ್ಟು ಎಷ್ಟೋ ಆಚೆ ಬಿತ್ತು. ಅಂಥ ತ್ರಿಕೋನಕ್ಕೆ ಹುಡುಗಿಯ ಉತ್ತರದಲ್ಲಿ ಒಂದಕ್ಷರವೂ ಇರಲಿಲ್ಲ. ತಿದ್ದಿದವರ ಕಣ್ಣಿಗೆ ಅದು ಬಿದ್ದಿರಲಿಲ್ಲ. ಗುಂಡುಸೂಜಿ ಸೊನ್ನೆ ಬರೆದಳು. ಬರೆದ ಮೇಲೆ ಏನು ಮಾಡಿದೆ ಎಂದು ಹೊಳೆದು ಮುಖ ಸಣ್ಣದಾಯಿತು.

ಆ ಅಂಕ ಕಳೆದರೆ ಪದಕ ಇಲ್ಲ. ಮೇಜಿನ ಸುತ್ತ ಇದ್ದವರಿಗೆಲ್ಲ ಅಷ್ಟು ಲೆಕ್ಕ ಬರುತ್ತಿತ್ತು.

ಟೀಚರು ಫ್ಲಾಸ್ಕ್ ತೆರೆದು ಮೊದಲ ಲೋಟ ಹುಡುಗಿಗೆ ಕೊಟ್ಟರು. ಅವರಿಗೆ ಆಸೆ ಇರಲಿಲ್ಲವೆಂದಲ್ಲ. ಈ ಮೇಜಿನಿಂದ ಒಂದು ಪದಕ ಎದ್ದು ಹೋಗಲಿ ಎಂದು ಅವರೂ ಎಷ್ಟೋ ಶನಿವಾರ ಕಾದಿದ್ದರು. ಅವತ್ತು ಮೇಜು ಒರೆಸಿದ್ದನ್ನೇ ಮತ್ತೆ ಒರೆಸಿದರು.

ಮಾರನೆಯ ದಿನ ಅಪ್ಪ ಸೈಕಲ್ ಅಂಗಡಿಯ ಮೇಲಿನ ಮನೆಗೆ ಮೆಟ್ಟಿಲು ಹತ್ತಿಕೊಂಡು ಬಂದ. ಕೂರಲೂ ಇಲ್ಲ.

“ಅವ್ರು ಕೊಟ್ಟಿದ್ದು ಟೀಚರ್. ನಾವೇನು ಕದ್ವಾ?”

“ಇಲ್ಲ, ಕದ್ದಿಲ್ಲ.”

“ಮತ್ತೆ ಯಾಕೆ ಮಗು ಮುಖ ಹಾಗಾಗಿದೆ? ಒಂದು ಮಾತು ಹೇಳಿ ಅವ್ಳಿಗೆ, ಪರವಾಗಿಲ್ಲ ಬಿಡು ಅಂತ.”

ಟೀಚರು ಕೇಳಿದರು, “ಲಿಫ್ಟು ನೋಡೋಕೆ ಬಂದ ಅಧಿಕಾರಿ ಸವೆದ ಹಗ್ಗ ನೋಡ್ದೇ ಸಹಿ ಹಾಕಿ ಹೋದ್ರೆ ನೀವೇನು ಮಾಡ್ತೀರಿ?”

“ಅದು ಬೇರೆ. ಅದ್ರಲ್ಲಿ ಜನ ಹತ್ತುತಾರೆ.”

“ನಿಜ. ಇದ್ರಲ್ಲಿ ಯಾರೂ ಹತ್ತಲ್ಲ” ಎಂದು ಟೀಚರು ಒಪ್ಪಿಕೊಂಡರು. “ನನ್ನ ಹೋಲಿಕೇಲೇ ತೂತಿದೆ. ಅದಕ್ಕೇ ನಾನು ಸ್ಪರ್ಧೆಯವ್ರಿಗೆ ತಿಳಿಸು ಅಂತಾನೂ ಹೇಳಲ್ಲ, ತಿಳಿಸ್ಬೇಡ ಅಂತಾನೂ ಹೇಳಲ್ಲ. ಅದು ಅವಳ ಲೆಕ್ಕ.”

ಹುಡುಗಿ ಸೋಮವಾರ ಸ್ಟಾಫ್ ರೂಮಿನ ಬಾಗಿಲಲ್ಲಿ ಬಂದು ನಿಂತಳು. “ಫೋನ್ ಮಾಡೋಣ ಟೀಚರ್.”

“ಯೋಚನೆ ಮಾಡಿದೀಯಾ?”

“ವಿಶ್ವವಿದ್ಯಾಲಯದಲ್ಲಿ ಸಂದರ್ಶನ ಮಾಡ್ತಾರಂತೆ. ಪದಕ ಬಂದ ಲೆಕ್ಕ ಬಿಡಿಸಿ ತೋರ್ಸು ಅಂದ್ರೆ, ನಾನು ಯಾವ ತ್ರಿಕೋನ ಬರೀಲಿ?”

ಟೀಚರು ಫೋನ್ ಎತ್ತಿಕೊಂಡರು. ಸ್ಪರ್ಧೆಯ ಕಚೇರಿಯ ಗುಮಾಸ್ತನಿಗೆ ವಿಷಯ ತಲೆಗೆ ಹತ್ತಲು ಬಹಳ ಹೊತ್ತು ಹಿಡಿಯಿತು.

“ಅಂಕ ಜಾಸ್ತಿ ಮಾಡಿಸ್ಬೇಕಾ ಮೇಡಂ?”

“ಇಲ್ಲ, ಕಮ್ಮಿ ಮಾಡಿಸ್ಬೇಕು.”

“ಬೇರೆ ಮಗೂದಾ?”

“ನಮ್ಮ ಮಗೂದೇ.”

ಆಚೆ ಕಡೆ ಕಾಗದ ಸರಿಸುವ ಸದ್ದು. “ಮೇಡಂ, ಕಮ್ಮಿ ಮಾಡಿಸೋಕೆ ನಮ್ಮಲ್ಲಿ ಕಾಲಮ್ಮೇ ಇಲ್ಲ.”

ಕಾಲಂ ಇಲ್ಲದಿದ್ದರೂ ಕೆಲಸ ಆಯಿತು. ಪದಕ ಹೋಗಿ ಅದರ ಜಾಗಕ್ಕೆ ಒಂದು ಪ್ರಶಂಸಾ ಪತ್ರ ಬಂತು. ಹೆಡ್‌ಮಾಸ್ಟರು ತಲೆ ಮೇಲೆ ಕೈ ಹೊತ್ತು ಕೂತರು.

“ಟೀಚರೇ, ಬ್ಯಾನರಿನ ಬಣ್ಣ ಇನ್ನೂ ಸರಿಯಾಗಿ ಒಣಗಿಲ್ಲ.”

“ಬಟ್ಟೆ ಚೆನ್ನಾಗಿದೆ ಸಾರ್. ನಂಗೆ ಕೊಡಿ.”

ಅವರೇ ಸ್ಟೂಲು ಹಾಕಿಕೊಂಡು ಬ್ಯಾನರು ಬಿಚ್ಚಿದರು, ಅಂಚು ಮಡಚಿ ಹೊಲಿದರು, ಅಕ್ಷರ ಕೆಳಗೆ ಮಾಡಿ ಹೊಲಿಗೆ ಕೋಣೆಯ ಮೇಜಿಗೆ ಹಾಸಿದರು. ಮರಕ್ಕಿಂತ ಬಟ್ಟೆಯ ಮೇಲೆ ಸೀಮೆಸುಣ್ಣ ಹಿತವಾಗಿ ಓಡುತ್ತದೆ ಎಂದು ಗೊತ್ತಾದದ್ದು ಆಗಲೇ. ಬಣ್ಣದ ಸೀಮೆಸುಣ್ಣ ಆಗಬೇಕಿತ್ತು, ಅಷ್ಟೆ. ಅಪ್ಪ ಮಾತ್ರ ದಾರಿಯಲ್ಲಿ ಟೀಚರು ಎದುರಾದರೆ ರಸ್ತೆಯ ಆ ಬದಿಗೆ ದಾಟಿಕೊಳ್ಳುತ್ತಿದ್ದ. ಟೀಚರು ಈ ಬದಿಯಿಂದಲೇ ತಲೆ ಬಾಗಿಸಿ ಮುಂದೆ ಹೋಗುತ್ತಿದ್ದರು. ಅವನ ಕೋಪದಲ್ಲಿ ಅವರಿಗೆ ತೂತು ಕಂಡಿರಲಿಲ್ಲ.

ಹುಡುಗಿ ಪ್ರಶಂಸಾ ಪತ್ರವನ್ನೇ ಹಾಕಿ ಅರ್ಜಿ ಕಳಿಸಿದಳು. ಶಾಲೆಯ ಅಂಕಗಳು ಚೆನ್ನಾಗಿದ್ದವು. ಸಂದರ್ಶನಕ್ಕೆ ಕರೆ ಬಂತು. ಹೊರಡುವ ಹಿಂದಿನ ದಿನ ಟೀಚರು ಅವಳಿಗೆ ಹೇಳಿದ್ದು ಒಂದೇ, “ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಅನ್ನು.”

ಉದ್ದನೆಯ ಕೋಣೆ, ಗೋಡೆಯ ತುಂಬ ಹಲಗೆ, ಇಬ್ಬರು ಪ್ರಾಧ್ಯಾಪಕರು. ಒಬ್ಬರು ವಯಸ್ಸಾದವರು, ಇನ್ನೊಬ್ಬಾಕೆ ನಡುವಯಸ್ಸಿನವರು. ಚೌಕದ ನೆಲಕ್ಕೆ ಕಲ್ಲು ಹಾಸುವ ಲೆಕ್ಕವೊಂದನ್ನು ಕಾಗದದ ಮೇಲೆ ಕೊಟ್ಟರು. ಹುಡುಗಿ ಕೂತು ಬಿಡಿಸಿದಳು. ಮುಗಿಯಿತು. ಮುಗಿದ ಕೂಡಲೇ ಏನು ಮಾಡಿದಳೆಂದರೆ, ಕುರ್ಚಿ ಹಿಂದಕ್ಕೆ ಸರಿಸಿ ಎದ್ದು ನಿಂತು ಬಾಯಿ ಮುಚ್ಚಿಕೊಂಡಳು.

ಪ್ರಾಧ್ಯಾಪಕರಿಬ್ಬರೂ ಕಾದರು. ಅವಳೂ ಕಾದಳು.

“ಹೊರಡ್ತೀಯೇನಮ್ಮ?” ಎಂದರು ಹಿರಿಯರು.

ಹುಡುಗಿ ಇಲ್ಲವೆಂದು ತಲೆಯಾಡಿಸಿ, ಖಾಲಿ ಕುರ್ಚಿ ತೋರಿಸಿದಳು. ಆಮೇಲೆ ಇದು ಹೊಲಿಗೆ ಕೋಣೆಯಲ್ಲ ಎಂದು ನೆನಪಾಗಿ ಕಿವಿ ಕೆಂಪಾಯಿತು. ಇನ್ನೇನು ಮಾಡುವುದು, ಇದ್ದದ್ದು ಹೇಳಿದಳು. “ನಮ್ಮಲ್ಲಿ ಹಾಗೆ ಸಾರ್. ಬೇರೆಯವರು ಬಂದು ಕೂತು ಜರಡಿ ಹಿಡೀಬೇಕು. ನಾನು ಮಾತಾಡೋ ಹಾಗಿಲ್ಲ.”

ನಡುವಯಸ್ಸಿನಾಕೆ ಎದ್ದು ಬಂದು ಆ ಕುರ್ಚಿಯಲ್ಲಿ ಕೂತರು. ಓದುತ್ತ ಹೋಗಿ ಕೊನೆಯ ಸಾಲುಗಳ ಹತ್ತಿರ ಪೆನ್ನು ನಿಲ್ಲಿಸಿದರು. “ಇಲ್ಲಿ ಸ್ವಲ್ಪ ಅವಸರ ಮಾಡಿದೀಯ ಅನ್ಸುತ್ತೆ.”

ಹುಡುಗಿ ಬಗ್ಗಿ ನೋಡಿದಳು. “ಹೌದು ಮೇಡಂ, ತೂತೇ.” ಬಾಯಿ ತಪ್ಪಿ ಮುಂದಿನ ಮಾತೂ ಬಂದುಬಿಟ್ಟಿತು. “ಹಾಗಿದ್ರೆ ಮೊದಲ ಟೀ ನಂದು.”

ಹಿರಿಯರಿಗೆ ನಗು ತಡೆಯಲಾಗಲಿಲ್ಲ. ಟೀ ಬರಲಿಲ್ಲ, ಆದರೆ ಮೂವರೂ ಆ ತೂತು ಮುಚ್ಚಲು ಕೂತವರು ಹೊರಗೆ ಮುಂದಿನ ಹುಡುಗ ಕಾಯುತ್ತಿದ್ದಾನೆಂಬುದನ್ನೇ ಮರೆತರು. ಎದ್ದು ಹೊರಡುವಾಗ ಹುಡುಗಿ ಧೈರ್ಯ ಮಾಡಿ ಕೇಳಿದಳು, ಪದಕ ಇದ್ದಿದ್ದರೆ ಚೆನ್ನಾಗಿರುತ್ತಿತ್ತಾ ಎಂದು.

“ಇದ್ದಿದ್ರೆ ಇಷ್ಟಪಟ್ಟೇ ನೋಡ್ತಿದ್ವಿ” ಎಂದರು ಆಕೆ. “ಆಮೇಲೆ ಇದೇ ಲೆಕ್ಕ ಕೊಡ್ತಿದ್ವಿ.”

ಮನೆಗೆ ಬಂದು ನಡೆದದ್ದನ್ನು ಹೇಳಿದಾಗ ಅಪ್ಪ ಉಣ್ಣುತ್ತಿದ್ದ ತಟ್ಟೆ ಪಕ್ಕಕ್ಕೆ ಸರಿಸಿದ. “ದೊಡ್ಡವರನ್ನ ಎಬ್ಬಿಸಿ ಕುರ್ಚಿ ಬದಲಾಯಿಸಿದ್ಯಾ? ಟೀ ಬೇರೆ ಕೇಳಿದ್ಯಾ? ಮುಗೀತು ಬಿಡು.”

ಮುಗಿದಿರಲಿಲ್ಲ. ಸೀಟು ಸಿಕ್ಕಿತು.

ಸುದ್ದಿ ಬಂದ ಶನಿವಾರ ಹೊಲಿಗೆ ಕೋಣೆಯ ಬಾಗಿಲಲ್ಲಿ ಅಪ್ಪ ಬಿಸ್ಕತ್ತಿನ ದೊಡ್ಡ ಡಬ್ಬಿ ಹಿಡಿದು ನಿಂತಿದ್ದ. ಒಳಗೆ ಬರಲು ಕಾಲು ಬರುತ್ತಿರಲಿಲ್ಲ. ಟೀಚರೇ ಒಂದು ಕುರ್ಚಿ ಎಳೆದು, “ಬನ್ನಿ, ಇಲ್ಲಿ ಕೂತ್ಕೊಳ್ಳಿ” ಎಂದರು, ರಸ್ತೆಯ ಆ ಬದಿ ಈ ಬದಿ ಎಂಬುದು ಎಂದೂ ಇರಲಿಲ್ಲವೆಂಬಂತೆ. ಅವನು ಕೂತ. ಕೂತ ಮೇಲೆ ಧೈರ್ಯ ಬಂತು, ಧೈರ್ಯದ ಹಿಂದೆ ಮಾತೂ ಬಂತು.

“ಐದನೇ ಮಹಡಿ ವಕೀಲರಿಗೆ ಹೇಳೇ ಬಂದೆ ಟೀಚರ್. ಪದಕ ಗಿದಕ ಎಲ್ಲ ಸುಳ್ಳು. ದೊಡ್ಡ ವಿಶ್ವವಿದ್ಯಾಲಯಕ್ಕೆ ಅದು ಬೇಕೇ ಆಗಿಲ್ಲ. ಬೇಕಾದ್ರೆ ನನ್ನ ಮಗಳನ್ನ ನೋಡ್ಕೊಳ್ಳಿ ಅಂದೆ.”

ಗುಂಡುಸೂಜಿ ಕುರ್ಚಿಯಲ್ಲಿ ಕೊಸರಾಡಿದಳು, ಟೀಚರ ಮುಖ ನೋಡಿದಳು. ಟೀಚರು ಬೇಡವೆನ್ನಲಿಲ್ಲ.

“ಮಾವ” ಎಂದಳು, “ಒಬ್ರಿಗೆ ಪದಕ ಇಲ್ದೇ ಸಿಕ್ತು ಅಂತ ಪದಕ ಬೇಡವೇ ಬೇಡ ಅಂತ ಆಗುತ್ತಾ?”

ಅಪ್ಪ ಮಗಳ ಕಡೆ ತಿರುಗಿದ. ಮಗಳು ತುಟಿ ಬಿಗಿದುಕೊಂಡು ಬಟ್ಟೆಯ ಮೇಲೆ ಪುಟ್ಟದೊಂದು ಸೊನ್ನೆ ಬರೆದು, ಅವನಿಗೆ ತೋರಿಸಿದಳು.

ಟೀಚರು ಫ್ಲಾಸ್ಕಿನ ಮುಚ್ಚಳ ತಿರುಗಿಸಿದರು. ಹಬೆಯಾಡುವ ಮೊದಲ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ತಂದು ಅವನ ಮುಂದಿಟ್ಟರು.

“ಕುಡೀರಿ” ಎಂದರು. “ಆಮೇಲೆ ಇನ್ನೊಂದ್ಸಲ ಹೇಳಿ, ಸರಿ ಮಾಡೋಣ.”